ಕಪ್ ಮಾರಿದಾಕಿ ನಾನೊಬ್ಬಾಕಿ

ಗಜೇಂದ್ರಗಡ

ನನ್ನನ್ನು ವಿಮಾನ ಹತ್ತಿಸಿ ನೆದರ್ಲೆಂಡ್ಸ್ ದೇಶಕ್ಕೆ ಒಯ್ದದ್ದು ನಾನು ಶ್ಯಾಣೇಕಿ ಅಂತ ಅಲ್ಲ, ನನ್ನ ಗಂಡ ಸತ್ತಾನಂತ. ಒಯ್ದವರಿಗೇ ಇದು ಗೊತ್ತಿರಲಿಲ್ಲ. ಬದುಕಿದ್ದಾಗ ನನ್ನನ್ನು ಬಾದಾಮಿ ತನಕ ಕರಕೊಂಡು ಹೋಗದ ಮನುಷ್ಯ, ಸತ್ತು ಇಷ್ಟು ದೂರ ಕಳಿಸಿದ. ಅಷ್ಟರ ಮಟ್ಟಿಗೆ ಉಪಕಾರ.

ಹ್ಯಾಂಗಂದ್ರ, ಹೋದ ಶ್ರಾವಣದಾಗ ಆ ದೇಶದ ಪ್ರೊಫೆಸರ್ ಒಬ್ಬಾಕಿ ನಮ್ಮೂರಿಗೆ ಬಂದಿದ್ದಳು. ಹೆಸರು ಮರೈಕೆ. ಗಿರಾಕಿ ಯಾವುದನ್ನು ಯಾಕ ಕೊಳ್ಳತಾನ, ಯಾಕ ಬಿಡತಾನ ಅನ್ನೋದೇ ಆಕೆ ಕಲಿಸೋ ವಿದ್ಯಾ. ನಾನು ಸಂತಿಯೊಳಗ ಬಳ್ಳೊಳ್ಳಿ, ಒಣಮೆಣಸಿನಕಾಯಿ ಹಚ್ಚಿಕೊಂಡು ಕೂಡ್ರಾಕಿ. ಗಿರಾಕಿಯನ್ನು ನೋಡಲಿಕ್ಕೂ ಒಂದು ಸಾಲಿ ಐತಿ ಅಂತ ನನಗ ಆವತ್ತೇ ಗೊತ್ತಾದದ್ದು. ಆಕೆಯ ಕೈಕೆಳಗ ಕೆಲಸಕ್ಕಿದ್ದಾಕಿ ಸೂಡಿಯ ಶಾಂತವ್ವನ ಮಗಳು ನೇತ್ರಾ. ಧಾರವಾಡದಾಗ ಎಂ.ಎ. ಓದಿದ ಹುಡುಗಿ, ನನ್ನ ಮೊಮ್ಮಗಳ ಗೆಳತಿ. ಹಿಂಗಾಗಿ ನನಗ ಆಯಿ ಅಂತಾಳ.

ಓಣಿಯ ಹೆಂಗಸರನ್ನೆಲ್ಲಾ ಸಮುದಾಯ ಭವನದಾಗ ಕೂಡ್ರಿಸಿ, ನೇತ್ರಾಳ ಕೈಯಿಂದ ಎಲ್ಲಾರಿಗೂ ಒಂದೊಂದು ಪಿಂಗಾಣಿ ಕಪ್ ಕೊಡಿಸಿದಳು ಮರೈಕೆ. ಪುಕ್ಕಟೆ. ಸ್ವಲ್ಪ ಹೊತ್ತಿಗೆ ಆಕೆಯ ಶಿಷ್ಯ, ಕೆಂಪು ಕೂದಲಿನ ಹುಡುಗ ಒಬ್ಬ, "ಆ ಕಪ್ ನನಗೆ ಮಾರತೀರಾ?" ಅಂತ ನೇತ್ರಾಳ ಕೈಲೆ ಒಬ್ಬೊಬ್ಬರನ್ನೇ ಕೇಳಿಸುತ್ತಾ ಹೊಂಟ. ರೇಟು ಏರಿಸಿದ. ಮತ್ತೂ ಏರಿಸಿದ. ಯಾರೂ ಕೊಡಲಿಲ್ಲ. ಬಳಿ ಮಾರೋ ಸಾವಕ್ಕ ಕೊಡಲಿಲ್ಲ, ಬಾಳೆಹಣ್ಣಿನ ಗಾಡಿಯ ಮೆಹಬೂಬಿ ಕೊಡಲಿಲ್ಲ. ನನ್ನ ಹತ್ತಿರ ಬಂದ. ಕಡಿಮಿ ಆತು ಅಂದೆ. ಏರಿಸಿದ. ಕೊಟ್ಟುಬಿಟ್ಟೆ. ನನ್ನ ಮನೆಯಾಗ ಚಾ ಕುಡಿಯಲಿಕ್ಕೆ ಸ್ಟೀಲಿನ ಲೋಟ ಅದಾವು.

ಅದರ ಮ್ಯಾಲೆ ಮರೈಕೆ ಒಂದು ಶಾಸ್ತ್ರ ಕಟ್ಟಿದಳು. ಈ ಸೀಮೆಯ ಹೆಂಗಸರಿಗೆ ಕೈಗೆ ಬಂದ ವಸ್ತುವಿನ ಮ್ಯಾಲೆ ಎಂಥಾ ಮೋಹ ಅಂದ್ರ, ಎಷ್ಟು ರೊಕ್ಕ ತೋರಿಸಿದರೂ ಬಿಡೂದಿಲ್ಲವಂತೆ. ಲಾಭ-ಲುಕ್ಸಾನ ತಿಳಿದಾಕಿ ನೀಲವ್ವ ಒಬ್ಬಾಕಿ ಅಂತೆ. ಆ ನೀಲವ್ವ ನಾನು.

ಖರೇ ಸಂಗತಿ ಬೇರೆ. ಅವತ್ತು ಶ್ರಾವಣ ಶುಕ್ರವಾರ. ನೇತ್ರಾ ನಾಕು ಮಂದಿ ನಡುವ ಬೆಳೆದ ಹುಡುಗಿ, ಮುತ್ತೈದೇರಿಗೆ ವಸ್ತು ಕೊಡುವಾಗ ಬರಿಗೈಲೆ ಕೊಡತಾಳೇನು? ತಬಕ ಹಿಡಕೊಂಡು ಬಂದು, ಅರಿಷಿಣ-ಕುಂಕುಮ ಹಚ್ಚಿ, ಒಬ್ಬೊಬ್ಬರ ಉಡಿಯಾಗ ಕಪ್ ಹಾಕಿದಳು. ಮೆಹಬೂಬಿಗೆ ಕುಂಕುಮದ ಬದಲಿ ಮಲ್ಲಿಗಿ ಹೂ ಕೊಟ್ಟಳು. ನನ್ನ ಮುಂದ ಬಂದಾಗ ತಬಕ ಎಡಗೈಗೆ ಹೋತು, ಬಲಗೈಲೆ ಬರೇ ಕಪ್ ಬಂತು. ಉಡಿಯಾಗ ಬಿದ್ದದ್ದನ್ನು ಮಾರಿಕೊಂಡರ ಮನಿಗೆ ಒಳ್ಳೇದಲ್ಲ ಅಂತ ಅವರೆಲ್ಲಾ ಸುಮ್ಮನಾದರು. ನನಗ ಬಂದದ್ದು ಉಡಿ ಅಲ್ಲ, ಸಾಮಾನು. ಸಾಮಾನು ಮಾರಿದೆ.

ಇದನ್ನು ಯಾಕ ಯಾರೂ ಹೇಳಲಿಲ್ಲ ಅಂದ್ರ, ಯಾರೂ ಕೇಳಲಿಲ್ಲ. ಉಸಿರಾಡೂದನ್ನು ಯಾರಾದರೂ ಹೇಳಿಕೊಂಡು ತಿರುಗತಾರೇನು? ತಬಕ ಹಿಡಿದ ನೇತ್ರಾಳಿಗೇ ಹೊಳೆಯಲಿಲ್ಲ. ಮರೈಕೆ ಆ ತಬಕದ ಫೋಟೋ ಸೈತ ತೆಗೆದಿದ್ದಳು, ಬಣ್ಣ ಚಂದ ಐತಿ ಅಂತ.

ಮುಂದ ಆಕೆಯ ಊರಾಗ ನಾಕಾರು ದೇಶದ ಪಂಡಿತರು ಕೂಡೋ ಸಭಾ. ಆ ಶ್ಯಾಣೇಕಿಯನ್ನೂ ಕರಕೊಂಡು ಬಾ, ಎಲ್ಲಾರಿಗೂ ತೋರಸೋಣು ಅಂತ ನೇತ್ರಾಳಿಗೆ ಹೇಳಿ ಕಳಿಸಿದಳು. ಸಭಾ ಚಲೋ ಆದರ ನೇತ್ರಾಳಿಗೆ ಅಲ್ಲೇ ನಾಕು ವರ್ಷ ಓದೋ ಜಾಗಾ. ಆಗದಿದ್ದರ? ಅದನ್ನು ಶಾಂತವ್ವ ನನ್ನ ಮನೆ ಕಟ್ಟೆಗೆ ಬಂದು ಕೂತು ಹೇಳಿದಳು.

"ಯಕ್ಕಾರ, ನರಗುಂದದ ಬೀಜ-ಗೊಬ್ಬರದ ಅಂಗಡಿಯವರು ಕಾಯಾಕತ್ತಾರ. ಅಲ್ಲಿ ಜಾಗಾ ಸಿಗಲಿಲ್ಲಂದ್ರ ದೀಪಾವಳಿ ಆದ ಮ್ಯಾಲೆ ನೇತ್ರಾಳ ಲಗ್ನದ ಅಕ್ಕಿಕಾಳು ಹಾಕಿಬಿಡೂದ. ನೀವು ಅಲ್ಲಿ ಕೇಳಿದ್ದಕ್ಕಷ್ಟ ಬಾಯಿ ತಗೀರಿ."

"ನಾ ಯಾವಾಗ ಹೆಚ್ಚು ಮಾತಾಡೇನ?"

"ಯಾವಾಗ ಬಿಟ್ಟೀರಿ?" ಅಂದಳು.

ವಿಮಾನದಾಗ

ವಿಮಾನದ ಬಗ್ಗೆ ಹೇಳೂದು ಭಾಳೇನಿಲ್ಲ. ಗಜೇಂದ್ರಗಡ-ರೋಣ ಬಸ್ಸಿನಾಗ ಸೀಟು ಹಿಡಿದು ಬದುಕಿದವರಿಗೆ ಅದೊಂದು ಕಷ್ಟ ಅಲ್ಲ. ನನ್ನ ಸೀಟಿನ ಸಂಖ್ಯಾ ಮದಲೇ ಬರೆದಿದ್ದರೂ ರೂಢಿ ಬಿಡಲಿಲ್ಲ. ಬಾಗಿಲು ದಾಟಿದ ಕೂಡಲೇ ಎರಡು ಸೀಟಿನ ಮ್ಯಾಲೆ ವಸ್ತ್ರಾ ಒಗೆದೆ. ಮೂಗು ಕೆಂಪಗಾದ ಸಾಹೇಬ ಒಬ್ಬ ಬಂದು ಆ ವಸ್ತ್ರಾ ಎರಡು ಬೆರಳಿಲೆ ಎತ್ತಿ, ಮಡಚಿ, ನನ್ನ ಕೈಗೆ ಕೊಟ್ಟ. ಜಗಳ ಆಡಲಿಲ್ಲ. ಮಜಾ ಬರಲಿಲ್ಲ.

"ನರಗುಂದದ ಹುಡುಗ ಹ್ಯಾಂಗಿದ್ದಾನವಾ?" ಅಂತ ನೇತ್ರಾಳನ್ನು ಕೇಳಿದೆ.

"ಇಷ್ಟು ಓದಿದಾಕಿ ಅಂಗಡಿ ಲೆಕ್ಕಕ್ಕ ಚಲೋ ಆಗತಾಳ ಅಂದ ಆಯಿ. ನನ್ನ ಮುಂದ ಅಲ್ಲ, ನಮ್ಮಪ್ಪನ ಮುಂದ."

"ನಿನಗ?"

"ನನಗ ಬ್ಯಾಡ."

"ಮತ್ತ ಅವ್ವಗ ಹೇಳಬೇಕಿಲ್ಲೇನ?"

"ಹೇಳೇನಿ. 'ಬ್ಯಾಡ ಅನ್ನಾಕ ಕಾರಣ ಬೇಕು' ಅಂತಾಳ. ಈ ಜಾಗಾನ ಕಾರಣ."

ಮರೈಕೆಯ ಮನೆ

ನಮ್ಮನ್ನು ತನ್ನ ಮನೆಯಾಗೇ ಇಳಿಸಿಕೊಂಡಳು, ಅದು ಆಕೆಯ ದೊಡ್ಡತನ. ಊರಿನ ಹೆಸರನ್ನು ಗಂಟಲದಾಗ ಕಫ ತೆಗೆದಂಗ ಅನ್ನಬೇಕು, ನನಗ ಬರಲಿಲ್ಲ. ನೆಲ ಮಾತ್ರ ನಮ್ಮ ರೋಣದ ಎರಿ ಹೊಲದಂಗ ಸಪಾಟು. ಒಂದು ಗುಡ್ಡ ಇಲ್ಲ, ಒಂದು ಬಂಡೆಗಲ್ಲು ಇಲ್ಲ. ದಾರಿಯಾಗ ಕಾರು ನಿಲ್ಲಿಸಿ ಮರೈಕೆ ಭಾಳ ಕೌತುಕದಿಂದ ಒಂದು ಗಾಳಿಯಂತ್ರ ತೋರಿಸಿದಳು, ನಾನು ಬಾಯಿ ತೆಗಿತೀನೇನೋ ಅಂತ ನನ್ನ ಮಾರಿ ನೋಡಿದಳು. ನಮ್ಮೂರ ಗುಡ್ಡದ ಮ್ಯಾಲೆ ಇಂಥವು ಸಾಲುಸಾಲು ತಿರಗತಾವು, ಕುರಿ ಅವುಗಳ ನೆರಳಿನಾಗ ಮಲಗತಾವು ಅಂತ ಹೇಳಿಸಿದೆ. ಆಮ್ಯಾಲೆ ಆಕೆ ಏನೂ ತೋರಿಸಲಿಲ್ಲ.

ಮನೆ ಒಳಗಿನ ಪಾವಟಿಗಿ ಎಷ್ಟು ಕಡಿದು ಅಂದ್ರ, ಅಟ್ಟದ ನಿಚ್ಚಣಿಕಿನೇ ವಾಸಿ. ನಾನು ಇಳಿಯುವಾಗ ಬೆನ್ನು ಮುಂದ ಮಾಡಿ ಇಳಿದೆ. ಕೆಳಗ ಕೂತಿದ್ದ ಮರೈಕೆಯ ಗಂಡ, ಪಾಪ, ಬೆಳಿಗ್ಗೆ ಎದ್ದ ಕೂಡಲೇ ಏನು ನೋಡಬೇಕಾತೋ! ಅವತ್ತಿಂದ ನನ್ನ ಕಾಲ ಸಪ್ಪಳ ಕೇಳಿದರ ಪೇಪರು ಮಾರಿಗೆ ಅಡ್ಡ ಹಿಡಿಯಲಿಕ್ಕೆ ಕಲಿತ.

ಕಾಫಿ ಜೊತಿ ಬಿಸ್ಕೀಟಿನ ಡಬ್ಬಿ ಬಂತು. ಒಂದು ತಗೊಂಡೆ. ಡಬ್ಬಿ ಮುಚ್ಚಿತು, ಟಕ್ ಅಂತ. ಕಪಾಟಿಗೆ ಹೋತು. ನಮ್ಮಲ್ಲಿ ಬ್ಯಾಡ ಅಂದವರ ತಾಟಿಗೆ ಮ್ಯಾಲೆ ಎರಡು ಬೀಳತಾವು; ಬ್ಯಾಡ ಅನ್ನೋದೇ ಬಡಿಸಲಿಕ್ಕೆ ಸನ್ನೆ. ಇಲ್ಲಿ ನಾನು ರೂಢಿ ಪ್ರಕಾರ ಊಟಕ್ಕೆ "ಬ್ಯಾಡವಾ" ಅಂದೆ, ಅವರು "ಆಗಲಿ" ಅಂದರು, ಮುಗೀತು. ಆ ರಾತ್ರಿ ಉಪಾಸ ಮಲಗಿದೆ. ಮರುದಿನದಿಂದ ಕೇಳೂದಕ್ಕೂ ಮದಲೇ ಹೂಂ ಅನ್ನಲಿಕ್ಕೆ ಸುರು ಮಾಡಿದೆ.

ಪಾಯಖಾನಿಯೊಳಗ ಒಂದು ಕ್ಯಾಲೆಂಡರ್ ತೂಗುಬಿಟ್ಟಿದ್ದರು. ತಾರೀಖಿನ ಮುಂದ ಹೆಸರು ಬರೆದಿದ್ದವು.

"ಇವರೆಲ್ಲಾ ಇವರ ವೈರಿಗಳೇನ?" ಅಂತ ನೇತ್ರಾಳನ್ನು ಕೇಳಿದೆ.

"ಅಲ್ಲ ಆಯಿ, ಬೀಗರು, ಗೆಳ್ಯಾರು. ಅವರು ಹುಟ್ಟಿದ ದಿನ ಮರೀಬಾರದಂತ ಅಲ್ಲಿ ಬರೀತಾರ."

"ದೇವರ ಜಗಲಿ ಮುಂದ ಜಾಗಾ ಇರಲಿಲ್ಲೇನ?"

"ಇವರ ಮನಿಯಾಗ ಜಗಲಿ ಇಲ್ಲ. ದಿನಾ ಕೂಡ್ರೂ ಜಾಗಾ ಅದೊಂದ."

ಸುಳ್ಳ ಅಂಗಡಿ

ಮರೈಕೆ ಕಲಿಸೋ ಸಾಲಿಯೊಳಗ ಒಂದು ಅಂಗಡಿ ಐತಿ. ಕಪಾಟು ತುಂಬ ಸಾಮಾನು, ಮ್ಯಾಲೆ ಕ್ಯಾಮೆರಾ. ಯಾವುದೂ ಮಾರಾಟಕ್ಕಿಲ್ಲ. ಬಂದ ಗಿರಾಕಿಯ ಕಣ್ಣು ಎತ್ತ ಹೋಗತಾವು ಅಂತ ನೋಡಲಿಕ್ಕೆ ಕಟ್ಟಿದ್ದು. ಅಲ್ಲಿ ನನ್ನ ಮೂಗಿನ ಮ್ಯಾಲೆ ಒಂದು ಚಸ್ಮಾ ಏರಿಸಿದರು. ನಾನು ನೋಡಿದ ಕಡೆ ಎಲ್ಲಾ ಟೀವಿಯೊಳಗ ಕೆಂಪು ಚಿಕ್ಕಿ ಮೂಡತಾವಂತೆ. ನಮ್ಮೂರಿಗೆ ಬಂದಿದ್ದ ಅದೇ ಕೆಂಪು ಕೂದಲಿನ ಹುಡುಗ ನನ್ನ ಜೊತಿ ನಡೆದ.

ಅರ್ಧ ತಾಸು ತಿರುಗಿದೆ. ಮೂಸಿ ನೋಡೋಣಂದರ ಎಲ್ಲಾ ಪ್ಲಾಸ್ಟಿಕ್ ಒಳಗ ಕಟ್ಟಿಟ್ಟಿದ್ದರು. ಚೌಕಾಸಿ ಮಾಡೋಣಂದರ ಮಾಲಕ ಇಲ್ಲ. ಯಾರರ ಬಂದಾರು ಅಂತ ಕೆಳಗ ಕೂತೆ. ಹುಡುಗ ಗಾಬರಿಯಾಗಿ ನೀರು ತಂದ.

ಟೀವಿಯೊಳಗ ಚಿಕ್ಕಿ ತೋರಿಸಿದರು. ಬಿಸ್ಕೀಟಿನ ಮ್ಯಾಲೆ ಒಂದೂ ಇಲ್ಲ, ಸಾಬಾಣದ ಮ್ಯಾಲೆ ಒಂದೂ ಇಲ್ಲ. ಎಲ್ಲಾ ಆ ಹುಡುಗನ ಮಾರಿ ಮ್ಯಾಲೆ, ದಡಾರ ಎದ್ದಂಗ. ಅವನ ಕಿವಿ ಕೂದಲಿಗಿಂತ ಕೆಂಪಾದವು.

"ಆಯಿ, ಯಾಕ ಬರೇ ನನ್ನನ್ನ ನೋಡಿದ್ರು ಅಂತ ಕೇಳತಾನ," ಅಂದಳು ನೇತ್ರಾ ನಗು ತಡಕೊಂಡು.

"ಮತ್ಯಾರನ್ನ ನೋಡಲಿ? ಸುಳ್ಳು ಹೇಳೂದು ಬದನಿಕಾಯಿ ಅಲ್ಲ, ಮಾರಾವ."

ನನ್ನ ಚಿಕ್ಕಿಗಳನ್ನು ಅವರು ಲೆಕ್ಕಕ್ಕ ಹಿಡಿಯಲಿಲ್ಲ. ಯಂತ್ರ ಕೆಟ್ಟೈತಿ ಅಂತ ಬರಕೊಂಡರು.

ಕಾಲುವಿ ದಂಡಿ

ಸಭಾದ ಹಿಂದಿನ ದಿನ ಸಂಜಿ ನೇತ್ರಾ ನನ್ನನ್ನು ಕಾಲುವಿ ದಂಡಿಗೆ ತಿರುಗಾಡಲಿಕ್ಕೆ ಒಯ್ದಳು. ಅಲ್ಲಿ ಕಾಲುವಿಯಾಗ ಊರಿನ ನಡುವ ನೀರು ತುಂಬಿ ನಿಂತಿರತದ, ಯಾರೂ ಹೊಲಕ್ಕೆ ತಿರುವಿಕೊಳ್ಳೂದಿಲ್ಲ. ಹೊಳಿ ನೀರಿಗೆ ಹೋರಾಡೋ ನಮ್ಮ ನರಗುಂದದ ರೈತರಿಗೆ ತೋರಿಸಿದರ ಹೊಟ್ಟಿ ಉರಕೋತಾರ. ಸೈಕಲ್ಲಿನವರು ಗಂಟಿ ಬಾರಿಸುತ್ತಾ ಮೈಮ್ಯಾಲೇ ಬರತಿದ್ದರು. ಒಂದು ಬೆಂಚು ಹಿಡಿದು ಕೂತಿವಿ.

"ಆಯಿ, ನಾಳೆ ನಿಮ್ಮನ್ನ ಒಂದ ಮಾತು ಕೇಳತಾರ. ಕಪ್ ಯಾಕ ಮಾರಿದ್ರಿ ಅಂತ. ಏನ ಹೇಳತೀರಿ?"

"ನನಗ ಕುಂಕುಮ ಹಚ್ಚಲಿಲ್ಲಲ್ಲ, ಅದಕ್ಕ ಮಾರಿದೆ."

"ಏನಂದ್ರಿ?"

ನಾನು ಹೇಳಿದೆ. ತಬಕ, ಉಡಿ, ಎಡಗೈ, ಬಲಗೈ, ಎಲ್ಲಾ. ಅದರಾಗ ಮುಚ್ಚಿಡುವಂಥಾದ್ದು ಏನೈತಿ ಅಂತ ನನಗ ತಿಳಿದಿರಲಿಲ್ಲ. ಆಕೆಗೆ ಗೊತ್ತಿರಬೇಕು ಅಂತಲೇ ತಿಳಿದಿದ್ದೆ. ತಬಕ ಹಿಡಿದಾಕಿ ಆಕೀನೇ ಅಲ್ಲೇನು? ಹುಡುಗಿಯ ಮಾರಿ ಸುಣ್ಣ ಬಳಿದ ಗೋಡಿ ಆತು.

"ಅಂದ್ರ ಇಡೀ ಪ್ರಯೋಗ ನಾನ ಕೆಡಿಸೇನಿ."

"ಕೆಡಿಸೂದೇನ್ ಬಂತು ಬಿಡು. ಮಾಡಬೇಕಾದ್ದು ಮಾಡಿದಿ. ನಿಮ್ಮವ್ವ ಕಲಿಸಿದ್ದು."

"ಆಯಿ, ಅವತ್ತು ನಿಮ್ಮ ಮುಂದ ಬಂದಾಗ ನನ್ನ ಕೈ ತಾನ ಹಿಂದ ಹೋತು. ನಾನು ವಿಚಾರ ಸೈತ ಮಾಡಲಿಲ್ಲ. ಧಾರವಾಡದಾಗ ವಿಧವೇರ ಹಕ್ಕಿನ ಬಗ್ಗೆ ಭಾಷಣ ಮಾಡಿ ಫಸ್ಟ್ ಪ್ರೈಜ್ ತಗೊಂಡಾಕಿ ನಾನು."

"ಪ್ರೈಜಿನಾಗ ಏನ ಕೊಟ್ರು?"

"ತಾಟು."

"ಅದನ್ನರ ಮಾರಿ ಬಿಡಬೇಕಿತ್ತು," ಅಂದೆ.

ನಗಲಿಲ್ಲ. ಹಿಂಗಾಗಿ ನಾನೇ ದಾರಿ ಹೇಳಿಕೊಟ್ಟೆ. "ಬಾಯಿ ಮುಚ್ಚಿಕೊಂಡ ಇರು. ಇಲ್ಲಿ ಯಾರಿಗೆ ಕುಂಕುಮ ಗೊತ್ತೈತಿ, ಯಾರಿಗೆ ಉಡಿ ಗೊತ್ತೈತಿ? ನಾಳೆ ಕೇಳಿದ್ರ, ಬ್ಯಾಡಾಗಿತ್ತು ಮಾರಿದೆ ಅಂತೀನಿ. ಅದೂ ಸುಳ್ಳಲ್ಲ. ನಿನಗ ಜಾಗಾ ಸಿಗತೈತಿ, ನರಗುಂದದವರು ಮತ್ತೊಬ್ಬಾಕಿನ್ನ ನೋಡಿಕೋತಾರ."

ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ಅನುಭವದಾಗ ಅದು ಹೂಂ.

ಸಭಾ

ಸಭಾಕ್ಕೆ ಬಂದ ಪಂಡಿತರೆಲ್ಲಾ ಕೊರಳಾಗ ಹೆಸರಿನ ಚೀಟಿ ಕಟ್ಟಿಕೊಂಡಿದ್ದರು, ಜಾತ್ರಿಯೊಳಗ ಕಳದುಹೋಗೋ ಕೂಸುಗಳಂಗ. ನನಗೂ ಒಂದು ಕಟ್ಟಿದರು. ಮದಲು ಒಬ್ಬ ಎದ್ದು, ಜನ ಸಾಲಿನಾಗ ನಿಂತಾಗ ಏನು ವಿಚಾರ ಮಾಡತಾರ ಅಂತ ಹೇಳಿದ. ಆಮ್ಯಾಲೆ ಒಬ್ಬಾಕಿ, ದೊಡ್ಡ ತಾಟಿನಾಗ ಜನ ಹೆಚ್ಚು ಉಣ್ಣತಾರ ಅಂತ ಹೇಳಿದಳು. ಎಲ್ಲಾರೂ ಬರಕೊಂಡರು. ಬರಕೊಳ್ಳೋದು ಮರೆತವರು ಬಾಜೂದವರ ಕಡೆ ನೋಡಿ ಬರಕೊಂಡರು.

ಮರೈಕೆಯ ಪಾಳಿ ಬಂತು. ಗೋಡಿ ಅಗಲಕ್ಕೂ ನನ್ನ ಮಾರಿ ಮೂಡಿತು. ಹಲ್ಲು ಬಿದ್ದ ಜಾಗಾ ಬಾಗಿಲಿನಷ್ಟು ಕಾಣತಿತ್ತು. ನೇತ್ರಾ ನನ್ನ ಕಿವಿಯಾಗ ಕನ್ನಡ ಮಾಡುತ್ತಾ ಹೋದಳು. ಈ ಸೀಮೆಯ ಹೆಂಗಸರು ವಸ್ತು ಬಿಟ್ಟುಕೊಡಲಾರರು. ಮಾರೋ ಬುದ್ಧಿ ಅವರಾಗ ಬೆಳೆದಿಲ್ಲ. ಹಿಂಗಾಗಿ ಸರಕಾರಗಳು ಅವರ ಕೈಗೆ ಬಂಡವಾಳ ಕೊಡೋ ಮದಲು ಪ್ಯಾಟಿ ವ್ಯವಹಾರ ಕಲಿಸಬೇಕು. ಇದಕ್ಕೊಂದು ಯೋಜನಾ ಆಗಬೇಕು.

ಸಾವಕ್ಕಗ ವ್ಯವಹಾರ ಕಲಿಸತಾರಂತೆ! ಒಡೆದ ಬಳಿಗೂ ರೊಕ್ಕ ಇಸಗೊಳ್ಳಾಕಿಗೆ! ಮೆಹಬೂಬಿ ಕಪ್ಪಾದ ಬಾಳೆಹಣ್ಣನ್ನು ಸಕ್ಕರಿ ಇದ್ದಂಗ ಅದಾವು ಅಂತ ಹೆಚ್ಚಿನ ರೇಟಿಗೆ ಮಾರತಾಳ. ಆಕೆಗೆ ಕಲಿಸೋ ಮಾಸ್ತರು ತಮ್ಮ ಅಂಗಿ ಮಾರಿಕೊಂಡು ಮನಿಗೆ ಹೋದಾರು. ನಾನು ಜೋರಾಗಿ ನಕ್ಕೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನೇತ್ರಾ ನಗಲಿಲ್ಲ. ಕನ್ನಡ ಮಾಡೂದು ನಿಲ್ಲಿಸಿದ್ದಳು.

ನನ್ನನ್ನು ಮ್ಯಾಲೆ ಕರೆದರು. ಮರೈಕೆ ನಗುನಗುತ್ತಾ ಕೇಳಿದಳು. ನೇತ್ರಾ ಕನ್ನಡದಾಗ ಹೇಳಿದಳು: "ಕಪ್ ಯಾಕ ಮಾರಿದ್ರಿ?"

"ಬ್ಯಾಡಾಗಿತ್ತು. ಮಾರಿದೆ."

ಎರಡು ಮಾತು. ನೇತ್ರಾ ಅದನ್ನು ಇಂಗ್ಲೀಷಿನಾಗ ಹೇಳಿದಳು. ಚಪ್ಪಾಳಿ ಬಿತ್ತು. ನಾನು ಇಳಿಯಲಿಕ್ಕೆ ಹೊಂಟೆ. ನೇತ್ರಾ ಬಾಯಿ ನಿಲ್ಲಿಸಲಿಲ್ಲ. ಮಾತಾಡುತ್ತಾ ಹೋದಳು. ನಾನು ಕೊಟ್ಟದ್ದು ಮುಷ್ಟಿ ಜ್ವಾಳ, ಆಕೆ ಚೀಲ ಅಳೆಯಾಕತ್ತಾಳ! ತನ್ನ ಹಣಿ ಮುಟ್ಟಿ ತೋರಿಸಿದಳು, ಸೆರಗು ಒಡ್ಡಿದಂಗ ಕೈ ಒಡ್ಡಿ ತೋರಿಸಿದಳು, ಆಮ್ಯಾಲೆ ಎಡಗೈ ಹಿಂದ ಒಯ್ದು ಬಲಗೈ ಮುಂದ ಚಾಚಿದಳು. ಆಗ ನನಗ ತಿಳೀತು. ಮರೈಕೆಯ ನಗು ಮಾರಿ ಮ್ಯಾಲೇ ಇತ್ತು, ಒಳಗಿನದು ಇಳಿದು ಹೋಗಿತ್ತು.

"ಆಯಿ, ಎಲ್ಲಾ ಹೇಳಿಬಿಟ್ಟೆ," ಅಂದಳು ನೇತ್ರಾ.

"ಯಾರ ಕೇಳಿದ್ರು ನಿನಗ?"

"ಯಾರೂ ಕೇಳಲಿಲ್ಲ."

ಚಾ ಹೊತ್ತಿನಾಗ ನಮ್ಮ ಹತ್ತಿರ ಯಾರೂ ಸುಳಿಯಲಿಲ್ಲ. ಕೆಂಪು ಕೂದಲಿನ ಹುಡುಗ ಒಬ್ಬನೇ ಬಂದು ನೇತ್ರಾಳ ಕೈ ಕುಲುಕಿ ಹೋದ. ಸಂಜಿಗೆ ಮನೆಯಾಗ ಮರೈಕೆ ಸಿಟ್ಟಾಗಲಿಲ್ಲ. ಆ ಮಂದಿಗೆ ಸಿಟ್ಟು ಮಾಡಲಿಕ್ಕೂ ಹೊತ್ತು ಗೊತ್ತು ಮಾಡಬೇಕೋ ಏನೋ. ನೀನು ಹೇಳಿದ್ದು ಭಾಳ ಮಹತ್ವದ್ದು, ಆದರ ಆ ಜಾಗಾ ಇದ್ದದ್ದು ಇದೇ ಕೆಲಸಕ್ಕೆ, ಈಗ ಕೆಲಸವನ್ನೇ ಮತ್ತ ಮದಲಿಂದ ನೋಡಬೇಕು, ವಿಚಾರ ಮಾಡಿ ತಿಳಿಸತೀನಿ ಅಂದಳು. ನಮ್ಮ ಕಡೆ ಕನ್ಯಾ ನೋಡಿ ಹೋದವರು ಹಿಂಗ ಅಂದರ ಮತ್ತ ಆ ಓಣಿಗೆ ಕಾಲಿಡೂದಿಲ್ಲ.

ಆ ಮ್ಯಾಲೆ ನನ್ನ ಕಡೆ ತಿರುಗಿ, ಅವತ್ತು ನಿಮಗೆ ನೋವಾತೇನು ಅಂತ ಕೇಳಿಸಿದಳು. ಅಷ್ಟು ದಿನದಾಗ ಆಕೆ ನನ್ನನ್ನು ಕೇಳಿದ ಖರೇ ಪ್ರಶ್ನೆ ಅದೊಂದು.

"ರೂಢಿ ಆಗೈತಿ ಅಂತ ಹೇಳು," ಅಂದೆ ನೇತ್ರಾಳಿಗೆ. ಆಕೆ ಹೇಳಲಿಲ್ಲ. ಮರೈಕೆ ಬಿಸ್ಕೀಟಿನ ಡಬ್ಬಿ ತೆಗೆದು ನನ್ನ ಮುಂದ ಇಟ್ಟಳು. ಮುಚ್ಚಲಿಲ್ಲ.

ಗಜೇಂದ್ರಗಡ, ಮರುದಿನ ನರಗುಂದ

ಊರಿಗೆ ಬಂದು ಇಳಿದ ಸಂಜೆಗೇ ಶಾಂತವ್ವ ಸೂಡಿಯಿಂದ ಬಂದು ನನ್ನ ಮನೆ ಕಟ್ಟೆ ಮ್ಯಾಲೆ ಕೂತಳು. ನೇತ್ರಾ ಫೋನಿನಾಗ ಎಲ್ಲಾ ಹೇಳಿದ್ದಳು.

"ಯಾರೂ ಕೇಳದ ಹೇಳ್ಯಾಳಂತ! ಹುಚ್ಚಿ! ನೀವರ ಬಾಯಿ ಮುಚ್ಚಬೇಕಿಲ್ಲೇನ್ರಿ?"

"ಆಕಿ ಇಂಗ್ಲೀಷಿನ ಬಾಯಿ ನನ್ನ ಕೈಗೆ ಹತ್ತತದೇನ?"

"ಆತು ಬಿಡ್ರಿ. ಜಾಗಾ ಇಲ್ಲ, ಏನಿಲ್ಲ. ದೀಪಾವಳಿ ಮ್ಯಾಲೆ ಅಕ್ಕಿಕಾಳು ಹಾಕೂದ. ನಾಳೆ ಬ್ಯಾಡ, ನಾಡದ ನರಗುಂದಕ್ಕ ಹೋಗಿ ಮಾತು ಮುಗಿಸಿ ಬರತೀವಿ."

ನಾಡದ ಅಂದಳಲ್ಲ, ನಡುವ ಒಂದು ದಿನ ಇತ್ತು.

ಮರುದಿನ ಮುಂಜಾನೆ ಎದ್ದು ಜಳಕ ಮಾಡಿ, ರೋಣದಾಗ ಬಸ್ಸು ಬದಲಿಸಿ, ನರಗುಂದಕ್ಕೆ ಹೋದೆ. ಬೀಜ-ಗೊಬ್ಬರದ ಅಂಗಡಿ ಹುಡುಕುವುದು ಕಷ್ಟ ಆಗಲಿಲ್ಲ. ಹುಡುಗನ ಅಪ್ಪ ಗಲ್ಲಾಪೆಟ್ಟಿಗಿ ಮುಂದ ಕೂತಿದ್ದ, ಅವ್ವ ಒಳಗಿಂದ ಬಂದಳು. ನೇತ್ರಾಳ ಕಡೆಯಾಕಿ ಅಂದೆ, ಕೂಡ್ರಿಸಿ ಚಾ ಕೊಟ್ಟರು. ಹುಡುಗಿ ಹ್ಯಾಂಗ್ರಿ, ಪರದೇಶಕ್ಕೆ ನೀವೂ ಆಕಿ ಜೋಡಿ ಹೋಗಿದ್ರಂತ ಅಂತ ಕೇಳಿದರು.

"ಹುಡುಗಿ ಅಪ್ಪಟ ಬಂಗಾರ," ಅಂದೆ. "ಅಷ್ಟು ದೊಡ್ಡ ಸಭಾದಾಗ ಎದ್ದ ನಿಂತು ತನ್ನ ಕೆಲಸದಾಗ ಆದ ತಪ್ಪು ತಾನ ಹೇಳಿದ್ಲು. ಮಾಲಕಿ ಬಾಜೂಕ ನಿಂತಿದ್ಲು, ಅಂಜಲಿಲ್ಲ. ಸಿಗೂ ಜಾಗಾ ಹೋತು, ಅಂಜಲಿಲ್ಲ."

"ಯಾರರ ಕೇಳಿದ್ರೇನ್ರಿ?" ಅಂದ ಅಪ್ಪ.

"ಯಾರೂ ಕೇಳಲಿಲ್ಲ. ಅದ ಆಕಿ ಗುಣ. ನಾಳೆ ನಿಮ್ಮ ಅಂಗಡಿ ಲೆಕ್ಕಕ್ಕ ಕೂತಳಂದ್ರ, ಯಾವ ಬೀಜ ಹಳೇದು, ಯಾವ ಚೀಲ ತೂಕಕ್ಕ ಕಡಿಮಿ, ರೈತ ಕೇಳೂದ ಬ್ಯಾಡ, ಪಾಪ, ಕರದು ಕರದು ಹೇಳತಾಳ. ನಿಮ್ಮಂಥಾ ಪ್ರಾಮಾಣಿಕ ಮಂದಿಗೆ ಇಂಥಾ ಸೊಸಿ ಸಿಗೂದು ಪುಣ್ಯಾ."

ಅಪ್ಪ ಮೂಲಿಯೊಳಗಿನ ಚೀಲ ನೋಡಿದ. ಅವ್ವ ಅಪ್ಪನನ್ನು ನೋಡಿದಳು.

"ಅಲ್ರೀ, ಜಾತಕ ಇನ್ನೊಮ್ಮೆ ತೋರಿಸಿಬಿಡೂಣೇನ?" ಅಂದಳು.

"ತೋರಸ್ರಿ ಯವ್ವಾ," ಅಂದೆ. "ಇವತ್ತ ತೋರಸ್ರಿ. ನಾಳೆ ಅವರು ಬರಾವರದಾರ." ಮತ್ತ ಬಸ್ ಸ್ಟ್ಯಾಂಡಿಗೆ ನಡೆದೆ.